ಹಳೆಯ ವಿಮಾನಗಳೂ ಅವುಗಳ ಭಕ್ತರೂ

ನನ್ನ ಮಿತ್ರರೊಬ್ಬರಿಗೆ ಒಂದು ವಿಚಿತ್ರ ಹವ್ಯಾಸವಿದೆ. ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ಏಳೆಂಟು ವರ್ಷವಾಯಿತು. ಮಕ್ಕಳ ಮದುವೆಗಳು ಮುಗಿದಿವೆ. ಸಕ್ಕರೆ ಕಾಯಿಲೆ ಹಿಡಿತದಲ್ಲಿದೆ. ಈ ವಯಸ್ಸಿನಲ್ಲಿ ಇತರರು ಕಾಶಿ ರಾಮೇಶ್ವರಗಳ ಮಾತನಾಡಿದರೆ ಇವರು ಹಳೆಯ ವಿಮಾನಗಳ ಮಾತನಾಡುತ್ತಾರೆ. ಹಳೆಯವು ಎಂದರೆ, ಜೆಟ್ ಬರುವುದಕ್ಕೆ ಮುಂಚೆ ಪ್ರೊಪೆಲರುಗಳನ್ನು ತಿರುಗಿಸಿಕೊಂಡು ಗುಡುಗುಡು ಎನ್ನುತ್ತ ಜನರನ್ನು ಸಾಗಿಸುತ್ತಿದ್ದ ವಿಮಾನಗಳು. ಅವುಗಳ ಚಿತ್ರಗಳು, ಹಳೆಯ ವೇಳಾಪಟ್ಟಿಗಳು, ಪೆಟ್ಟಿಗೆಗೆ ಕಟ್ಟುತ್ತಿದ್ದ ಚೀಟಿಗಳು, ಎಲ್ಲವೂ ಅವರ ಸಂಗ್ರಹದಲ್ಲಿವೆ. ಒಂದು ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಕುಳಿತಿದ್ದವರು, “ಇದನ್ನು ಸ್ವಲ್ಪ ಕೇಳಿ” ಎಂದು ತಮ್ಮ ಫೋನನ್ನು ಮೇಜಿನ ಮೇಲಿಟ್ಟರು. ಮೊದಲು ಒಂದು ಕೆಮ್ಮು, ಆಮೇಲೆ ನಾಲ್ಕಾರು ಕೆಮ್ಮು, ಆಮೇಲೆ ಮನೆಯೆಲ್ಲ ತುಂಬುವಂಥ ಗರ್ಜನೆ. ಒಳಗಿನಿಂದ ನನ್ನ ಹೆಂಡತಿ ಬಂದು, ಮಿಕ್ಸಿ ಸುಟ್ಟುಹೋಯಿತೇನೋ ಎಂದು ನೋಡಿ ಹೋದಳು. ಮಿತ್ರರ ಕಣ್ಣು ಮಾತ್ರ ಒದ್ದೆಯಾಗಿದ್ದವು.

“ನೀವು ಈ ವಿಮಾನದಲ್ಲಿ ಎಂದಾದರೂ ಕುಳಿತದ್ದುಂಟೆ?” ಎಂದು ಕೇಳಿದೆ.

“ಎಲ್ಲಿ ಬಂತು ಸ್ವಾಮಿ! ನಾನು ಮೊದಲು ವಿಮಾನ ಹತ್ತಿದ್ದೇ 1984ರಲ್ಲಿ. ಅದೂ ಜೆಟ್ಟು.”

ಅವರು ಹೋದಮೇಲೂ ಈ ಮಾತು ನನ್ನ ತಲೆಯಲ್ಲಿ ಉಳಿಯಿತು. ಉಂಡ ಊಟವನ್ನು ನೆನೆದು ಬಾಯಿ ಚಪ್ಪರಿಸುವುದು ಸಹಜ. ಉಣ್ಣದ ಊಟವನ್ನು ನೆನೆದು ಹಂಬಲಿಸುವುದು ಎಂಥದು? ಒಬ್ಬರಿಗೆ ಮಾತ್ರ ಹೀಗಿದ್ದರೆ ಹುಚ್ಚು ಎಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಇಂಥವರು ಅಮೆರಿಕದಲ್ಲಿ, ಯೂರೋಪಿನಲ್ಲಿ, ಆಸ್ಟ್ರೇಲಿಯದಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರಲ್ಲಿ ಕೆಲವರು ತಮ್ಮ ಆಯುಷ್ಯದ ಅರ್ಧವನ್ನು ಇದಕ್ಕೆ ಕೊಟ್ಟಿದ್ದಾರೆ. ಇದರ ಹಿಂದೆ ಏನೋ ಇರಲೇಬೇಕು.

ಮೊದಲು ಆ ವಿಮಾನಗಳ ಯೋಗ್ಯತೆಯನ್ನು ಒಪ್ಪಿಕೊಳ್ಳೋಣ. ಡಗ್ಲಸ್ ಕಂಪನಿಯ ಡಿಸಿ-3 ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ರೈಟ್ ಸೋದರರು ಹಾರಿ ಸರಿಯಾಗಿ 32 ವರ್ಷಗಳ ಮೇಲೆ. ಇಪ್ಪತ್ತೊಂದು ಮಂದಿ ಕೂರುವ ವಿಮಾನ, ಎರಡು ಎಂಜಿನ್ನು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕಾಗಿ ಇದೇ ವಿಮಾನವನ್ನು ಹತ್ತು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಕಟ್ಟಿದರು. ಆಗ ಬಂದ ಹೆಸರೇ ಡಕೋಟ. ಯುದ್ಧ ಮುಗಿದಮೇಲೆ ಅವು ಅಗ್ಗಕ್ಕೆ ಸಿಕ್ಕಿದವು. ನಮ್ಮ ದೇಶದ ವಿಮಾನ ಸಾರಿಗೆ ಬೆಳೆದದ್ದು ಹೆಚ್ಚಾಗಿ ಅವುಗಳ ರೆಕ್ಕೆಯ ಮೇಲೆ. 1947ರ ಅಕ್ಟೋಬರ್ 27ರಂದು ದೆಹಲಿಯಿಂದ ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ್ದು ಡಕೋಟ. 1949ರಲ್ಲಿ ರಾತ್ರಿಯ ಟಪಾಲು ಸೇವೆ ಆರಂಭವಾದಾಗ, ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಿಂದ ಹೊರಟು ನಡುರಾತ್ರಿ ನಾಗಪುರದಲ್ಲಿ ಸೇರಿ, ಚೀಲಗಳನ್ನು ಅದಲುಬದಲು ಮಾಡಿಕೊಂಡು ಬೆಳಗಾಗುವುದರೊಳಗೆ ತಮ್ಮ ತಮ್ಮ ಊರಿಗೆ ಮರಳುತ್ತಿದ್ದದ್ದೂ ಡಕೋಟಗಳೇ. ಸಂಜೆ ಮದರಾಸಿನಲ್ಲಿ ಅಂಚೆಗೆ ಹಾಕಿದ ಕಾಗದ ಮರುದಿನ ದೆಹಲಿಯಲ್ಲಿ ಸಿಗುತ್ತಿತ್ತು.

ಅದರ ಮೇಲಿನ ಅಂತಸ್ತಿನದು ಲಾಕ್‌ಹೀಡ್ ಕಂಪನಿಯ ಕಾನ್‌ಸ್ಟೆಲೇಷನ್. ನಾಲ್ಕು ಎಂಜಿನ್ನು, ಮೀನಿನಂತೆ ಬಳುಕಿದ ಮೈ, ಮೂರು ಬಾಲ. 1948ರ ಜೂನ್ 8ರಂದು ಏರ್ ಇಂಡಿಯ ಇಂಟರ್‌ನ್ಯಾಷನಲ್ ಸಂಸ್ಥೆ ಮುಂಬಯಿಯಿಂದ ಕೈರೋ, ಜಿನೀವಗಳ ಮೂಲಕ ಲಂಡನ್ನಿಗೆ ಮೊದಲ ಯಾನ ನಡೆಸಿದ್ದು ಇಂಥ ವಿಮಾನದಲ್ಲಿ. ಅದಕ್ಕೆ ‘ಮಲಬಾರ್ ಪ್ರಿನ್ಸೆಸ್’ ಎಂದು ಹೆಸರಿಟ್ಟಿದ್ದರು. ಟಿಕೆಟ್ಟಿಗೆ 1,720 ರೂಪಾಯಿ. ರಾಜಮಹಾರಾಜರೂ ದೊಡ್ಡ ಮನುಷ್ಯರೂ ಏರಿದ ಆ ಯಾನದ ಚಿತ್ರಗಳನ್ನು ನನ್ನ ಮಿತ್ರರು ದೇವರ ಪಟದಂತೆ ಕಾಪಾಡಿದ್ದಾರೆ.

ಇನ್ನು ಭಕ್ತರ ವಿಷಯ. ಅಮೆರಿಕದ ಅರಿಜೋನ ಮರುಭೂಮಿಯಲ್ಲಿ ಬಿಸಿಲಿಗೆ ಬಿದ್ದಿದ್ದ ಒಂದು ಸೂಪರ್ ಕಾನ್‌ಸ್ಟೆಲೇಷನ್ನನ್ನು ಆಸ್ಟ್ರೇಲಿಯದ ಹವ್ಯಾಸಿಗಳ ಸಂಘವೊಂದು ಆಯ್ದುಕೊಂಡಿತು. ಸದಸ್ಯರು ಸಂಬಳವಿಲ್ಲದೆ ಸಮುದ್ರ ದಾಟಿ ಹೋಗಿ, ಅದನ್ನು ಬಿಚ್ಚಿ, ತೊಳೆದು, ಜೋಡಿಸಿ, ಕೊನೆಗೆ 1996ರ ಫೆಬ್ರವರಿಯಲ್ಲಿ ಪೆಸಿಫಿಕ್ ಸಾಗರದ ಮೇಲೆ ಹಾರಿಸಿಕೊಂಡು ಸಿಡ್ನಿಗೆ ತಂದರು. ನಮ್ಮಲ್ಲಿಯೂ ಇಂಥ ಕಥೆಯಿದೆ. ಐರ್ಲೆಂಡಿನಲ್ಲಿ ಗುಜರಿ ಸೇರಲಿದ್ದ ಒಂದು ಡಕೋಟವನ್ನು, ಆಗ ಕರ್ನಾಟಕದಿಂದ ರಾಜ್ಯಸಭೆಯ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ 2011ರಲ್ಲಿ ಕೊಂಡು, ಇಂಗ್ಲೆಂಡಿನಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಕಾಣಿಕೆಯಾಗಿ ಕೊಟ್ಟರು. ಅವರ ತಂದೆ ವಾಯುಪಡೆಯಲ್ಲಿ ಡಕೋಟ ಹಾರಿಸಿದವರು. ‘ಪರಶುರಾಮ’ ಎಂಬ ಹೆಸರು ಹೊತ್ತು ಆ ವಿಮಾನ 2018ರ ಏಪ್ರಿಲಿನಲ್ಲಿ ಸ್ವಂತ ರೆಕ್ಕೆಯ ಮೇಲೆಯೇ ಭಾರತಕ್ಕೆ ಬಂದಿತು.

ಇದೆಲ್ಲ ಕೇಳಿದಾಗ ಮನಸ್ಸು ತುಂಬಿಬರುತ್ತದೆ. ಆದರೂ ಒಂದು ಸಂದೇಹ ಕಾಡುತ್ತದೆ. ಆ ಕಾಲದ ಪ್ರಯಾಣ ಅಷ್ಟು ಸುಖವಾಗಿತ್ತೆ? ಡಕೋಟದೊಳಗೆ ಗಾಳಿಯ ಒತ್ತಡವನ್ನು ಕಾಯ್ದಿಡುವ ಏರ್ಪಾಡಿರಲಿಲ್ಲ. ಹಾಗಾಗಿ ಅದು ಮೋಡಗಳ ಮೇಲೆ ಏರುವಂತಿರಲಿಲ್ಲ. ಮೋಡಗಳ ನಡುವೆಯೇ ತೂರಿಕೊಂಡು ಹೋಗಬೇಕು. ಮಳೆಗಾಲದಲ್ಲಿ ಹೊಟ್ಟೆಯೊಳಗಿನದು ಬಾಯಿಗೆ ಬರುತ್ತಿತ್ತು. ಕಾನ್‌ಸ್ಟೆಲೇಷನ್ ಮೇಲೇರಬಲ್ಲದಾಗಿತ್ತು, ಆದರೆ ಅದರ ಎಂಜಿನ್ನುಗಳು ಎಷ್ಟು ಸಲ ಕೈಕೊಡುತ್ತಿದ್ದವೆಂದರೆ, ಮೂರು ಎಂಜಿನ್ನಿನ ವಿಮಾನಗಳಲ್ಲಿ ಇದೇ ಜಗತ್ತಿಗೆಲ್ಲ ಶ್ರೇಷ್ಠ ಎಂದು ಆಗಿನವರೇ ಹಾಸ್ಯ ಮಾಡುತ್ತಿದ್ದರು. ಟಿಕೆಟ್ಟಿನ ಬೆಲೆಯಂತೂ ನನ್ನ ತಂದೆಯಂಥವರ ಒಂದು ವರ್ಷದ ಸಂಬಳ. ನನ್ನ ಮಿತ್ರರು ಆ ಕಾಲದಲ್ಲಿ ಹುಟ್ಟಿದ್ದರೆ ಲಂಡನ್ನಿಗಲ್ಲ, ನಿಲ್ದಾಣದ ಬೇಲಿಯವರೆಗೆ ಹೋಗಿ ಬರುತ್ತಿದ್ದರು.

ಹಳೆಯ ಕಾಲದ ಹಂಬಲದಲ್ಲಿ ಇದೊಂದು ದೋಷ ಎಲ್ಲೆಲ್ಲೂ ಇದೆ. ನಮ್ಮ ನೆಂಟರ ಪೈಕಿ ಅವಿಭಕ್ತ ಕುಟುಂಬವನ್ನು ಹೊಗಳುವ ಹಿರಿಯರೊಬ್ಬರಿದ್ದಾರೆ. ಮೂವತ್ತು ಎಲೆ ಒಟ್ಟಿಗೆ ಹಾಕುತ್ತಿದ್ದರಂತೆ. ಏನು ಸಂಭ್ರಮ, ಏನು ಒಗ್ಗಟ್ಟು! ಒಮ್ಮೆ ಅವರು ಹೀಗೆ ಹೇಳುತ್ತಿದ್ದಾಗ ಅವರ ಅತ್ತಿಗೆ ಅಲ್ಲಿಯೇ ಇದ್ದರು. ತೊಂಬತ್ತರ ಹತ್ತಿರದ ಮುದುಕಿ. “ಹೌದಪ್ಪ, ಸೌದೆ ಹಸಿಯಾಗಿರುತ್ತಿತ್ತು” ಎಂದಷ್ಟೇ ಹೇಳಿ ಸುಮ್ಮನಾದರು. ಎಲೆಯ ಮುಂದೆ ಕುಳಿತವರಿಗೆ ಮೂವತ್ತು ಎಲೆಯ ನೆನಪು. ಒಲೆಯ ಮುಂದೆ ಕುಳಿತವರಿಗೆ ಹೊಗೆಯ ನೆನಪು. ಎರಡೂ ಒಂದೇ ಮನೆಯ ನೆನಪುಗಳೇ.

ಹಾಗಾದರೆ ಈ ವಿಮಾನಭಕ್ತರು ಕೇವಲ ಎಲೆಯ ಮುಂದೆ ಕುಳಿತವರೆ? ಹಾಗೆಂದುಬಿಟ್ಟರೆ ಅನ್ಯಾಯವಾದೀತು. ಏಕೆಂದರೆ ಅವರಲ್ಲಿ ಬಹುಮಂದಿಯ ಪ್ರೀತಿ ಪ್ರಯಾಣದ ಸುಖದ ಮೇಲಲ್ಲ. ಯಂತ್ರದ ಮೇಲೆ, ಅದನ್ನು ನೋಡಿಕೊಳ್ಳುವ ಕೆಲಸದ ಮೇಲೆ. ಮಿತ್ರರು ನನಗೆ ವಿವರಿಸಿದರು. ಈ ಎಂಜಿನ್ನುಗಳಲ್ಲಿ ಸಿಲಿಂಡರುಗಳನ್ನು ಗಾಡಿಯ ಚಕ್ರದ ಅರೆಗಳಂತೆ ಸುತ್ತಲೂ ಜೋಡಿಸಿರುತ್ತಾರೆ. ಎಂಜಿನ್ ನಿಂತಿದ್ದಾಗ ಎಣ್ಣೆ ಜಿನುಗಿ ಕೆಳಗಿನ ಸಿಲಿಂಡರುಗಳಲ್ಲಿ ತುಂಬಿಕೊಳ್ಳುತ್ತದೆ. ಹಾಗೆಯೇ ಚಾಲೂ ಮಾಡಿದರೆ ಒಳಗಿನ ಭಾಗಗಳು ಬಾಗಿ ಮುರಿಯುತ್ತವೆ. ಆದ್ದರಿಂದ ಮೊದಲು ಪ್ರೊಪೆಲರನ್ನು ಮೆಲ್ಲನೆ ಸುತ್ತಿಸಿ, ಎಲ್ಲಿಯಾದರೂ ತಡೆಯುತ್ತದೆಯೆ ಎಂದು ನೋಡಬೇಕು. ಆಮೇಲೆ ಕಿಡಿ ಕೊಟ್ಟಾಗ ಒಂದೊಂದೇ ಸಿಲಿಂಡರು ಹೊತ್ತಿಕೊಂಡು, ನೀಲಿ ಹೊಗೆ ಉಗುಳಿ, ಕೊನೆಗೆ ಎಲ್ಲವೂ ಒಂದು ಲಯಕ್ಕೆ ಬರುತ್ತವೆ. ಡಕೋಟದ ಎರಡು ಎಂಜಿನ್ನಿಗೆ 28 ಸಿಲಿಂಡರು; ಕಾನ್‌ಸ್ಟೆಲೇಷನ್ನಿನ ನಾಲ್ಕಕ್ಕೆ 72. ಒಂದೊಂದಕ್ಕೂ ಎರಡೆರಡು ಸ್ಪಾರ್ಕ್ ಪ್ಲಗ್ಗು. ಎಂದರೆ 144 ಪ್ಲಗ್ಗುಗಳನ್ನು ಯಾರೋ ಬಿಚ್ಚಿ, ಒರೆಸಿ, ಮತ್ತೆ ಕೂಡಿಸಬೇಕು. ಮೇಲೆ ಹಾರುವಾಗ ಇಬ್ಬರು ಚಾಲಕರಲ್ಲದೆ ಎಂಜಿನ್ ನೋಡಿಕೊಳ್ಳಲು ಒಬ್ಬ, ದಾರಿ ಲೆಕ್ಕ ಹಾಕಲು ಒಬ್ಬ, ರೇಡಿಯೊ ನಡೆಸಲು ಒಬ್ಬ.

ಜೆಟ್ ಎಂಜಿನ್ನಿನಲ್ಲಿ ಹಿಂದೆ ಮುಂದೆ ಬಡಿದಾಡುವ ಭಾಗಗಳಿಲ್ಲ. ಸುತ್ತುವ ಭಾಗಗಳು ಮಾತ್ರ. ಅದು ಸಾವಿರಾರು ಗಂಟೆ ಯಾರನ್ನೂ ಕರೆಯದೆ ಓಡುತ್ತದೆ. ಇಂದಿನ ದೊಡ್ಡ ವಿಮಾನವನ್ನೂ ಇಬ್ಬರೇ ನಡೆಸುತ್ತಾರೆ. ಇದು ಒಳ್ಳೆಯದೇ. ಆದರೆ ಮನುಷ್ಯನ ಸ್ವಭಾವ ನೋಡಿ; ತನ್ನ ಕೈಯ ಅಗತ್ಯವಿರುವುದನ್ನು ಅವನು ಹೆಚ್ಚು ಪ್ರೀತಿಸುತ್ತಾನೆ. ಮನೆಯಲ್ಲಿ ಹಸುವಿದ್ದಾಗ ಊರು ಬಿಟ್ಟು ಹೋಗುವಂತಿಲ್ಲ ಎಂದು ಗೊಣಗುತ್ತಿದ್ದ ನನ್ನ ತಾಯಿ, ಹಾಲು ಮನೆಬಾಗಿಲಿಗೆ ಬರತೊಡಗಿದ ಮೇಲೆ ಎಷ್ಟೋ ದಿನ ಬೆಳಗಿನ ಜಾವ ಎದ್ದು ಕೊಟ್ಟಿಗೆಯ ಕಡೆ ನೋಡುತ್ತಿದ್ದಳು. ನನ್ನ ಮಿತ್ರರು ಮೂವತ್ತೈದು ವರ್ಷ ಲೆಡ್ಜರ್ ಬರೆದವರು. ಕೊನೆಯ ಹತ್ತು ವರ್ಷ ಅವರ ಕೂಡುವ ಕಳೆಯುವ ವಿದ್ಯೆಯನ್ನೆಲ್ಲ ಕಂಪ್ಯೂಟರು ವಹಿಸಿಕೊಂಡಿತು. ತಾನು ಹತ್ತದ ವಿಮಾನಕ್ಕಾಗಿ ಅವರೇಕೆ ಹಂಬಲಿಸುತ್ತಾರೆ ಎಂಬುದು ಇಲ್ಲಿಗೆ ನನಗೆ ಸ್ವಲ್ಪ ಅರ್ಥವಾಯಿತು. ಮನುಷ್ಯ ಬೇಕಾಗಿದ್ದ ಒಂದು ಲೋಕ ಅವರಿಗೆ ಆ ಸದ್ದಿನಲ್ಲಿ ಕೇಳಿಸುತ್ತದೆ.

ಆದರೆ ಇಷ್ಟಕ್ಕೇ ನಿಲ್ಲಿಸುವಂತಿಲ್ಲ. ಆ ಯಂತ್ರಗಳಿಗೆ ಬೇಕಾಗಿದ್ದ ಮನುಷ್ಯರಲ್ಲಿ ಒಬ್ಬರನ್ನು ನಾನು ಬಲ್ಲೆ. ನನ್ನ ಸೋದರಮಾವ ಐವತ್ತರ ದಶಕದಿಂದ ಇಪ್ಪತ್ತು ವರ್ಷಕ್ಕೂ ಮೇಲೆ ವಿಮಾನದ ಎಂಜಿನ್ನುಗಳ ಫಿಟ್ಟರಾಗಿ ಕೆಲಸ ಮಾಡಿದವರು. ಎಂಜಿನ್ನನ್ನು ಪೂರ್ತಿ ವೇಗಕ್ಕೆ ಏರಿಸಿ ಪರೀಕ್ಷಿಸುವಾಗ ಹತ್ತಿರ ನಿಂತು ನೋಡುವುದು ಅವರ ಕೆಲಸದ ಒಂದು ಭಾಗ. ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರಂತೆ. ಬೇರೆ ರಕ್ಷಣೆ ಯಾರೂ ಕೊಡಲಿಲ್ಲ, ಇವರೂ ಕೇಳಲಿಲ್ಲ. ನಲವತ್ತೈದಾಗುವ ಹೊತ್ತಿಗೆ ಎಡಗಿವಿ ಹೋಯಿತು; ಬಲಗಿವಿಯೂ ಅಷ್ಟಕ್ಕಷ್ಟೆ. ಮಕ್ಕಳ ಮದುವೆಯಲ್ಲಿ ನಾಗಸ್ವರ ಊದುತ್ತಿದ್ದಾಗ ಅವರು ಊದುವವನ ಕೆನ್ನೆಯನ್ನು ನೋಡುತ್ತ ಕುಳಿತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಹತ್ತು ಹನ್ನೆರಡು ವರ್ಷದ ಹಿಂದೆ, ಮಾವ ಇನ್ನೂ ಇದ್ದಾಗ, ನನ್ನ ಮಿತ್ರರು ಅವರನ್ನು ನೋಡಲೇಬೇಕೆಂದು ಹಟ ಹಿಡಿದು ನನ್ನೊಡನೆ ಬಂದರು. ಕಾಲಿಗೆ ಬಿದ್ದು ನಮಸ್ಕಾರ ಮಾಡಿದರು. ಆಮೇಲೆ ಆ ಸದ್ದನ್ನು ಅವರಿಗೆ ಕೇಳಿಸಬೇಕೆಂದು ಫೋನನ್ನು ಅವರ ಬಲಗಿವಿಗೆ ಹಿಡಿದರು. ಮಾವ ಏನೆಂದು ಕೇಳಿದರು. ನಾನು ಕೂಗಿ ಹೇಳಿದೆ: “ಡಕೋಟದ ಸದ್ದು, ಮಾವ!”

ಅವರು ನಕ್ಕು ಫೋನನ್ನು ಮೆಲ್ಲಗೆ ಸರಿಸಿದರು. “ಅದಕ್ಕೆ ಫೋನ್ ಯಾಕೋ? ನನ್ನ ಕಿವಿಯೊಳಗೆ ಅದು ನಿಂತದ್ದೇ ಇಲ್ಲವಲ್ಲ. ರಾತ್ರಿ ಮಲಗಿದರೂ ಗುಂಯ್ ಎನ್ನುತ್ತಲೇ ಇರುತ್ತದೆ” ಎಂದರು. ಮಿತ್ರರ ಮುಖ ಸಣ್ಣದಾಯಿತು. ಅದನ್ನು ಕಂಡು ಮಾವನೇ ಅವರನ್ನು ಸಮಾಧಾನಪಡಿಸುವವರಂತೆ ಮಂಚದ ಕೆಳಗಿನ ಪೆಟ್ಟಿಗೆ ತೆಗೆಸಿ, ತಮ್ಮ ಹಳೆಯ ಸ್ಪ್ಯಾನರುಗಳನ್ನು ತೋರಿಸಿದರು. ಒಂದಕ್ಕೂ ತುಕ್ಕು ಹಿಡಿದಿರಲಿಲ್ಲ. ಯಾವುದು ಯಾವ ನಟ್ಟಿಗೆ ಎಂದು ಒಂದೂವರೆ ಗಂಟೆ ವಿವರಿಸಿದರು. ಅವರಿಗೆ ಆ ಕೆಲಸದ ಮೇಲೆ ಪ್ರೀತಿಯಿತ್ತು. ಅದು ತಮ್ಮಿಂದ ಏನು ಕಿತ್ತುಕೊಂಡಿತೆಂಬ ಅರಿವೂ ಇತ್ತು. ಒಂದಕ್ಕಾಗಿ ಇನ್ನೊಂದನ್ನು ಅವರು ಮುಚ್ಚಿಡಲಿಲ್ಲ.

ಅಂದಿನಿಂದ ನಾನು ‘ಮಲಬಾರ್ ಪ್ರಿನ್ಸೆಸ್’ ಚಿತ್ರವನ್ನು ನೋಡಿದಾಗಲೆಲ್ಲ ಅದರ ಕೊನೆಯ ಯಾನವನ್ನೂ ನೆನೆಯುತ್ತೇನೆ. 1950ರ ನವೆಂಬರ್ 3ರಂದು ಲಂಡನ್ನಿಗೆ ಹೊರಟಿದ್ದ ಆ ವಿಮಾನ ಜಿನೀವ ಸೇರುವುದಕ್ಕೆ ಮೊದಲೇ ಆಲ್ಪ್ಸ್ ಪರ್ವತಗಳ ಮಾಂಟ್ ಬ್ಲಾಂಕ್ ಶಿಖರಕ್ಕೆ ಬಡಿಯಿತು. 48 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಪ್ರಯಾಣಿಕರಲ್ಲಿ ಹೆಚ್ಚಿನವರು ಮಹಾರಾಜರಲ್ಲ, ಬ್ರಿಟನ್ನಿನಲ್ಲಿ ಹಡಗಿನ ಕೆಲಸಕ್ಕೆ ಸೇರಲು ಹೊರಟಿದ್ದ ಭಾರತೀಯ ನಾವಿಕರು. ಜೆಟ್ಟುಗಳು ಬೀಳಲಿಲ್ಲವೆ ಎಂದು ಕೇಳಬಹುದು. ಬಿದ್ದವು, 1966ರಲ್ಲಿ ಹೋಮಿ ಭಾಭಾ ಅವರಿದ್ದ ಬೋಯಿಂಗ್ ವಿಮಾನ ಅದೇ ಪರ್ವತಕ್ಕೆ ಬಡಿದು 117 ಮಂದಿ ಸತ್ತರು. ನನ್ನ ಮಾತು ಯಾವುದು ಹೆಚ್ಚು ಬಿತ್ತು ಎಂಬುದಲ್ಲ. ಮೊದಲ ಯಾನದ ಅತಿಥಿಗಳ ಪಟ್ಟಿ ಬಾಯಿಪಾಠ ಬರುವವನಿಗೆ ಕೊನೆಯ ಯಾನದ ನಾವಿಕರು ಮರೆತುಹೋಗಿದ್ದರೆ, ಅವನು ಆ ವಿಮಾನವನ್ನು ಪ್ರೀತಿಸುತ್ತಾನೆಂದು ಹೇಗೆ ಹೇಳುವುದು? ಅದರ ಅರ್ಧವನ್ನು ಮಾತ್ರ ಅವನು ಬಲ್ಲ.

ಇದು ಬರಿಯ ನೆನಪಿನ ಪ್ರಶ್ನೆಯೂ ಅಲ್ಲ. ಈ ಹಳೆಯ ವಿಮಾನಗಳನ್ನು ಇಂದು ಹಾರಿಸಬೇಕೆ, ಮ್ಯೂಸಿಯಂನಲ್ಲಿ ನಿಲ್ಲಿಸಬೇಕೆ ಎಂಬ ಚರ್ಚೆ ಭಕ್ತರಲ್ಲಿಯೇ ಇದೆ. ಹಾರಿಸುವುದಕ್ಕೆ ಹಣ ಬೇಕು. ಹಣಕ್ಕಾಗಿ ಟಿಕೆಟ್ ಮಾರಿ ಜನರನ್ನು ಕೂರಿಸಿಕೊಳ್ಳುವ ಪದ್ಧತಿ ಬೆಳೆಯಿತು. 1996ರ ಸೆಪ್ಟೆಂಬರ್ 25ರಂದು ಹಾಲೆಂಡಿನಲ್ಲಿ ಹೀಗೆ ವಿಹಾರಕ್ಕೆ ಹೊರಟಿದ್ದ ಒಂದು ಡಕೋಟದ ಎಂಜಿನ್ ಕೆಟ್ಟಿತು. ಕೆಟ್ಟಾಗ ಪ್ರೊಪೆಲರಿನ ಅಲಗುಗಳನ್ನು ಗಾಳಿಗೆ ಅಡ್ಡವಾಗದಂತೆ ತಿರುಗಿಸಿಬಿಡಬೇಕು, ಅದು ಆಗಲಿಲ್ಲ. ವಿಮಾನ ಆಳವಿಲ್ಲದ ಕಡಲಿಗೆ ಬಿದ್ದು 32 ಮಂದಿಯೂ ಸತ್ತರು. 2018ರ ಆಗಸ್ಟ್ 4ರಂದು ಸ್ವಿಟ್ಸರ್ಲೆಂಡಿನಲ್ಲಿ 1939ರಲ್ಲಿ ಕಟ್ಟಿದ ಮೂರು ಎಂಜಿನ್ನಿನ ಯುಂಕರ್ಸ್ ವಿಮಾನ ಬೆಟ್ಟದ ಕಣಿವೆಯಲ್ಲಿ ಬಿತ್ತು. ಸತ್ತವರು 20 ಮಂದಿ. ಚಾಲಕರು ಇಬ್ಬರೂ ಬಹಳ ಅನುಭವಿಗಳು. ಆದರೂ ಅಪಾಯಕರವಾದಷ್ಟು ಕೆಳಗೆ, ಇಕ್ಕಟ್ಟಿನ ಕಣಿವೆಯೊಳಗೆ ವಿಮಾನವನ್ನು ಒಯ್ದರೆಂದು 2021ರ ತನಿಖಾ ವರದಿ ಹೇಳಿತು.

ಇದನ್ನು ಓದಿದ ಮೇಲೆ ಮಿತ್ರರನ್ನು ಕೇಳಿದೆ: “ನಿಮ್ಮ ಭಕ್ತಿಗೆ ಬೇರೆಯವರ ಪ್ರಾಣ ನೈವೇದ್ಯವೆ?”

ಮಾತು ಒರಟಾಯಿತೇನೋ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನೀವು ಹೇಳುವುದು ಸರಿ. ಆದರೆ ಒಂದು ಯೋಚನೆ ಮಾಡಿ. ಗಾಜಿನ ಹಿಂದೆ ವೀಣೆಯನ್ನಿಟ್ಟರೆ ವೀಣೆ ಉಳಿಯುತ್ತದೆ, ನುಡಿಸುವ ವಿದ್ಯೆ ಉಳಿಯುತ್ತದೆಯೆ? ನಿಮ್ಮ ಮಾವನವರ ಪೆಟ್ಟಿಗೆ ಈಗ ನಿಮ್ಮ ಮನೆಯಲ್ಲಿದೆಯಲ್ಲ, ಅದರಲ್ಲಿ ಒಂದು ಸ್ಪ್ಯಾನರನ್ನಾದರೂ ನೀವು ಹಿಡಿಯಬಲ್ಲಿರಾ?”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೈಯಲ್ಲಿರುವ ವಿದ್ಯೆ ಕೈಯಿಂದ ಕೈಗೆ ದಾಟದಿದ್ದರೆ ಪುಸ್ತಕ ಅದನ್ನು ಕಾಯಲಾರದು. ಲುಫ್ತಾನ್ಸ ಸಂಸ್ಥೆ 2007ರಲ್ಲಿ ಅಮೆರಿಕದ ಮೇನ್ ಪ್ರಾಂತದಲ್ಲಿ ಕಾನ್‌ಸ್ಟೆಲೇಷನ್ ಜಾತಿಯ ಕೊನೆಯ ಮಾದರಿಯ ಮೂರು ವಿಮಾನಗಳನ್ನು ಹರಾಜಿನಲ್ಲಿ ಕೊಂಡು, ಒಂದನ್ನು ಹಾರುವಂತೆ ಮಾಡಲು ಹತ್ತು ವರ್ಷ ಹೆಣಗಿ, ಅಪಾರ ಹಣ ಸುರಿದು, 2018ರಲ್ಲಿ ಕೈಬಿಟ್ಟಿತು. ಆ ಮೂರರಲ್ಲಿ ಒಂದು 2019ರಲ್ಲಿ ನ್ಯೂಯಾರ್ಕಿನ ವಿಮಾನ ನಿಲ್ದಾಣದ ಹೋಟೆಲಿನ ಮುಂದೆ ನಿಂತು ಮದ್ಯದ ಅಂಗಡಿಯಾಯಿತು. ಅದರಿಂದ ಯಾರಿಗೂ ಅಪಾಯವಿಲ್ಲ, ನಿಜ. ಆದರೆ ಅದನ್ನು ಹಾರಿಸುವುದನ್ನು ಅಲ್ಲಿ ಯಾರೂ ಕಲಿಯುವುದೂ ಇಲ್ಲ.

ಹೀಗೆ ಅತ್ತಲೂ ಇತ್ತಲೂ ನಿಜವಿರುವಾಗ ತೀರ್ಪು ಹೇಳುವುದು ಕಷ್ಟ. ನನಗೆ ತೋಚಿದ್ದು ಇಷ್ಟು. ಹಳೆಯದನ್ನು ಪ್ರೀತಿಸುವವನು ಅದರ ಬೆಲೆಯನ್ನು ತಾನೇ ತೆರಬೇಕು. ತನ್ನ ಭಾನುವಾರಗಳನ್ನು, ತನ್ನ ದುಡ್ಡನ್ನು, ಬೇಕಾದರೆ ತಿಳಿದು ತಿಳಿದು ತನ್ನ ಪ್ರಾಣವನ್ನೂ ಅವನು ಪಣಕ್ಕಿಡಲಿ. ಮರುಭೂಮಿಯಲ್ಲಿ ಪ್ಲಗ್ಗು ಒರೆಸಿದ ಆಸ್ಟ್ರೇಲಿಯನ್ನರನ್ನು ನಾನು ಗೌರವಿಸುತ್ತೇನೆ. ಆದರೆ ಟಿಕೆಟ್ ಕೊಂಡು, ವಿಮಾನವೆಂದಮೇಲೆ ಎಲ್ಲ ವಿಮಾನದಂತೆಯೇ ಸುರಕ್ಷಿತವಾಗಿದ್ದೀತು ಎಂದು ನಂಬಿ ಕುಳಿತವನ ಪ್ರಾಣವನ್ನು ತನ್ನ ಹಂಬಲಕ್ಕೆ ಒಡ್ಡುವ ಅಧಿಕಾರ ಅವನಿಗಿಲ್ಲ. ನೋಡಿಕೊಳ್ಳುವವರೇ ಹಾರಿಸಲಿ, ಹಾರಿಸುವವರು ಕಿರಿಯರಿಗೆ ಕಲಿಸಲಿ, ಉಳಿದ ನಾವು ಬೇಲಿಯಾಚೆ ನಿಂತು ನೋಡೋಣ. ವಿಮಾನದ ಮಟ್ಟಿಗೆ ಹೇಳಿದ ಈ ಮಾತು ಕೂಡುಕುಟುಂಬಕ್ಕೂ, ಹಳೆಯ ಆಚಾರಗಳಿಗೂ, ನಮ್ಮ ‘ಆ ಕಾಲ’ಕ್ಕೆಲ್ಲಕ್ಕೂ ಸಲ್ಲುತ್ತದೆಂದು ಕಾಣುತ್ತದೆ. ಅದು ಮರಳಿ ಬರಬೇಕು ಎನ್ನುವವರು, ಬಂದಾಗ ಒಲೆಯ ಮುಂದೆ ಯಾರು ಕೂರಬೇಕೆಂಬುದನ್ನೂ ಮೊದಲೇ ಹೇಳಲಿ.

ಮಿತ್ರರು ಇದನ್ನು ಪೂರ್ತಿ ಒಪ್ಪಿದ್ದಾರೆಂದಲ್ಲ. ಯೂರೋಪಿಗೆ ಹೋಗಿ ಅಂಥ ಒಂದು ವಿಮಾನದಲ್ಲಿ ಕೂರುವ ಆಸೆಯನ್ನು ಅವರು ಇನ್ನೂ ಬಿಟ್ಟಿಲ್ಲ. ತಿಳಿದು ಕೂರುತ್ತೇನೆ ಎನ್ನುತ್ತಾರೆ. ಹಾಗಾದರೆ ನನ್ನ ಆಕ್ಷೇಪವಿಲ್ಲ, ಮನೆಯವರನ್ನು ಕೇಳಿ ಹೋಗಿ ಎಂದಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾವಿಬ್ಬರೂ ಹೈದರಾಬಾದಿನ ಮದುವೆಯೊಂದನ್ನು ಮುಗಿಸಿಕೊಂಡು ಮೈಸೂರಿಗೆ ಬಂದದ್ದು ಒಂದು ಎಟಿಆರ್ ವಿಮಾನದಲ್ಲಿ. ಅದಕ್ಕೂ ಪ್ರೊಪೆಲರ್ ಉಂಟು; ತಿರುಗಿಸುವುದು ಮಾತ್ರ ಟರ್ಬೈನು. ಮಂಡಕಳ್ಳಿಯಲ್ಲಿ ಇಳಿದಾಗ ಮಿತ್ರರು ಎಂದಿನಂತೆ ಪ್ರೊಪೆಲರನ್ನು ನೋಡುತ್ತ ನಿಂತರು. ಕಿವಿಯ ಮೇಲೆ ದಪ್ಪನೆಯ ಮುಚ್ಚಳ ಹಾಕಿಕೊಂಡ ಹುಡುಗನೊಬ್ಬ ಚಕ್ರದ ಬಳಿ ಬಗ್ಗಿ ಏನನ್ನೋ ಪರೀಕ್ಷಿಸುತ್ತಿದ್ದ. ಮಿತ್ರರು ನನ್ನ ಭುಜ ಮುಟ್ಟಿ ಅವನನ್ನು ತೋರಿಸಿ, “ನಿಮ್ಮ ಮಾವನವರಿಗೆ ಇದೊಂದು ಸಿಕ್ಕಿದ್ದರೆ!” ಎಂದರು. ನನಗೆ ಅವರ ಮೇಲೆ ಅಂದು ಮೂಡಿದ ಪ್ರೀತಿ ಹಿಂದೆಂದೂ ಮೂಡಿರಲಿಲ್ಲ. ಅಷ್ಟರಲ್ಲಿ ಕಾವಲಿನವನು ಇಲ್ಲಿ ನಿಲ್ಲಬಾರದೆಂದು ಕೈಬೀಸಿದ. ನಾವು ಪೆಟ್ಟಿಗೆ ತೆಗೆದುಕೊಳ್ಳಲು ಒಳಗೆ ನಡೆದೆವು.